ಲಾರ್ನ್ ಬೆಕರ್‌ನ ನಾಲ್ಕು ಚುಕ್ಕೆಗಳು

ವೆರ್ನಾ ಕೊಸ್ಕಿ ಒಂಟಾರಿಯೋದ ವಾಯವ್ಯ ಮೂಲೆಯ ಸರೋವರ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ದೋಣಿ ನಡೆಸಿದವಳು, ನೀರು ಅಳೆದವಳು. ಅಷ್ಟು ವರ್ಷಗಳಲ್ಲಿ ಆರು ಮಂದಿ ಪ್ರೊಫೆಸರರು ಬಂದರು, ಅವಳ ಅಂಕಿಗಳಿಂದ ಪ್ರಬಂಧ ಬರೆದು ದೊಡ್ಡವರಾದರು, ಹೋದರು. ಅವಳ ಹೆಸರು ಬರುತ್ತಿದ್ದದ್ದು ಪ್ರಬಂಧದ ಕಟ್ಟಕಡೆಗೆ, ಕೃತಜ್ಞತೆಯ ಸಾಲಿನಲ್ಲಿ, ದೋಣಿ ಕೊಟ್ಟವರ ಜೊತೆಗೆ. ಒಮ್ಮೆಯಂತೂ ಅದನ್ನೂ ನೆಟ್ಟಗೆ ಹಾಕದೆ ‘ವೆರಾ’ ಎಂದು ಅಚ್ಚು ಮಾಡಿದ್ದರು. ಊಟಕ್ಕೆ ಕರೆದು ಎಲೆ ಹಾಕದ ಮರ್ಯಾದೆ ಅದು.

ಏಳನೆಯವನು ಕಾಲಿನ್ ಪೆಲ್ಟಿಯರ್. ಮೂವತ್ತಾರು ವರ್ಷ, ಮೂಗಿನ ತುದಿಯಲ್ಲೇ ಕೋಪ, ಆದರೆ ಮನಸ್ಸು ಕೆಟ್ಟದ್ದಲ್ಲ. “ಅಂಕಿ ನಿಮ್ದು, ಹೆಸರೂ ನಿಮ್ದಿರ್ಲಿ” ಎಂದು ಅವಳನ್ನು ಎರಡನೇ ಲೇಖಕಿಯನ್ನಾಗಿ ಹಾಕಿದವನು ಅವನೇ. ಅಂದು ಸಂಜೆ ವೆರ್ನಾ ತನ್ನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಿದ್ದಳು.

ಪ್ರಬಂಧದ ಸಾರ ಇಷ್ಟು. ಊಟದ ತಟ್ಟೆಯಷ್ಟು ಅಗಲದ, ಕಪ್ಪು ಬಿಳುಪಿನ ಒಂದು ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಬೇಕು. ದೋಣಿಯ ನೆರಳಿನ ಮಗ್ಗುಲಲ್ಲೇ ಇಳಿಸಬೇಕು, ಕಪ್ಪು ಕನ್ನಡಕ ಹಾಕಿರಬಾರದು. ಬಿಲ್ಲೆ ಯಾವ ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೋ ಅದೇ ನೀರಿನ ತಿಳಿತನ. ಮೊದಲ ಹತ್ತು ವರ್ಷ ವೆರ್ನಾ ಬರೆದದ್ದು ಐದು ಮೀಟರ್ ಆಸುಪಾಸು. ಸರೋವರಕ್ಕೆ ಬಂದು ಸೇರುವ ಹೊಳೆಯ ದಡದ ಕಾಗದದ ಗಿರಣಿ 2005ರಲ್ಲಿ ದೊಡ್ಡದಾಯಿತು. ಅಂಕಿ ಇಳಿಯುತ್ತಾ ಇಳಿಯುತ್ತಾ ನಾಲ್ಕಕ್ಕೆ ಬಂತು. 2013ರ ಡಿಸೆಂಬರಿನಲ್ಲಿ ಗಿರಣಿ ಮುಚ್ಚಿತು. ಮರುವರ್ಷವೇ ಅಂಕಿ ಐದಕ್ಕೆ ನೆಗೆಯಿತು. ಗಿರಣಿ ಕೆಡಿಸಿದ ನೀರು ಒಂದೇ ವರ್ಷದಲ್ಲಿ ತಿಳಿಯಾಗಿದೆ! ಇಂಥ ಗೆರೆ ಸಿಕ್ಕರೆ ಯಾವ ಸಂಶೋಧಕನಿಗೆ ನಿದ್ದೆ ಬಂದೀತು?

ನವೆಂಬರಿನ ಆ ಶುಕ್ರವಾರ ಸಂಜೆ ಐದಕ್ಕೆ ಜರ್ನಲ್‌ನ ವಿಶೇಷ ಸಂಚಿಕೆಯ ಬಾಗಿಲು ಮುಚ್ಚುತ್ತಿತ್ತು. ಸೋಮವಾರ ಕಾಲಿನ್‌ನ ನೌಕರಿ ಖಾಯಂ ಮಾಡುವ ಸಮಿತಿ ಕೂರುತ್ತಿತ್ತು. ಪ್ರಬಂಧ ಒಪ್ಪಿಗೆಯಾಗಬೇಕೆಂದೇನಿಲ್ಲ, ‘ಸಲ್ಲಿಸಲಾಗಿದೆ’ ಎಂಬ ಒಂದು ಮಾತು ಅವನ ಕಡತದಲ್ಲಿದ್ದರೆ ಸಾಕಿತ್ತು. ಬೆಳಗಿನಿಂದ ಅವನು ಸಂಪಾದಕರಿಗೆ ಬರೆಯುವ ಪತ್ರವನ್ನೇ ಹತ್ತು ಸಲ ತಿದ್ದಿದ್ದ. ಹೊಗಳಿಕೊಂಡಂತೆಯೂ ಇರಬೇಕು, ಹೊಗಳಿಕೊಳ್ಳದಂತೆಯೂ ಇರಬೇಕು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಚಿತ್ರಗಳನ್ನು ಜರ್ನಲ್‌ನ ಜಾಲತಾಣ ಎರಡು ಸಲ ತಿರಸ್ಕರಿಸಿತ್ತು. ಮೂರು ಗಂಟೆಯ ಹೊತ್ತಿಗೆ ಎಲ್ಲವೂ ಅಲ್ಲಿಗೆ ಏರಿತು.

“ವೆರ್ನಾ, ನಿಮ್ಗೊಂದು ಮೇಲ್ ಬಂದಿರತ್ತೆ ನೋಡಿ” ಎಂದು ಪಕ್ಕದ ಕೋಣೆಯಿಂದ ಕೂಗಿದ. “ಅದ್ರಲ್ಲಿ ಒಂದು ಟಿಕ್ ಹಾಕ್ಬಿಡಿ. ನೀವು ಹಾಕ್ದೆ ಅದು ಮುಂದಕ್ಕೆ ಹೋಗಲ್ಲ.”

‘ಈ ಪ್ರಬಂಧವನ್ನು ಪೂರ್ತಿ ಓದಿದ್ದೇನೆ. ಇದರ ಅಂಕಿಅಂಶಗಳು ನಾನು ತಿಳಿದಂತೆ ನಿಜ’ ಎಂದಿತ್ತು ಮೇಲ್. ಪಕ್ಕದಲ್ಲಿ ಖಾಲಿ ಚೌಕ.

ಬೇರೆ ಯಾರಾದರೂ ಕಣ್ಣುಮುಚ್ಚಿ ಟಿಕ್ ಹಾಕುತ್ತಿದ್ದರು. ಆದರೆ ಓದಿದ್ದೇನೆ ಎನ್ನಬೇಕಾದರೆ ಓದಬೇಕು ಎನ್ನುವ ಹಳೆಯ ಕಾಲದ ಹೆಂಗಸು ಅವಳು. ಕಾಫಿ ತಂದುಕೊಂಡು ಮೊದಲ ಪುಟದಿಂದ ಶುರುಮಾಡಿದಳು. ಎರಡನೇ ಪಟ್ಟಿಯ ಕೆಳಗೆ ಸಣ್ಣಕ್ಷರದ ಸಾಲೊಂದಿತ್ತು: ‘2013ರ ಸೆಪ್ಟೆಂಬರಿನ ನಾಲ್ಕು ಅಳತೆಗಳು ಬೇರೊಬ್ಬರವು, ಉಳಿದವುಗಳೊಡನೆ ಹೊಂದದ ಕಾರಣ ಕೈಬಿಡಲಾಗಿದೆ.’

ವೆರ್ನಾ ಎದ್ದು ಕಪಾಟಿನಿಂದ ಆ ವರ್ಷದ ನೋಟ್‌ಬುಕ್ ತೆಗೆದಳು. ಕೇಂದ್ರದ ಹಳೆಯ ಸಹಾಯಕ ಲಾರ್ನ್ ಬೆಕರ್‌ನ ಕೋಳಿಕಾಲಿನ ಅಕ್ಷರ. 5.1, 5.0, 5.2, 5.1. ಅದರ ಹಿಂದಿನ ವಾರ ಅವಳದೇ ಬರಹ: 3.9. ಲಾರ್ನ್‌ನವೇ ಆ ವರ್ಷದ ಕೊನೆಯ ಅಳತೆಗಳು, ಗಿರಣಿ ಆಗಿನ್ನೂ ಹೊಗೆ ಉಗುಳುತ್ತಿತ್ತು.

ಲಾರ್ನ್ ಈಗ ಬದುಕಿಲ್ಲ. ಆ ನಾಲ್ಕು ವಾರ ಅವನು ಯಾಕೆ ದೋಣಿ ಹತ್ತಿದ ಎಂಬುದು ಗೊತ್ತಿದ್ದದ್ದು ಅವಳೊಬ್ಬಳಿಗೇ. ರಜೆಯ ಅರ್ಜಿಯಲ್ಲಿ ‘ಸ್ವಂತ ಕೆಲಸ’ ಎಂದು ಬರೆದು, ಅವಳು ವಿನಿಪೆಗ್‌ನ ಆಸ್ಪತ್ರೆಯಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಳು. ಕಣ್ಣು ಮಂದವಾಗಿದೆ ಎಂದು ಗೊತ್ತಾದರೆ ದೋಣಿಯಿಂದ ಇಳಿಸಿ ಕಚೇರಿಯಲ್ಲಿ ಕೂರಿಸುತ್ತಾರೆ ಎಂಬ ಭಯ. ಪೊರೆ ವರ್ಷಗಟ್ಟಲೆ ಮೆಲ್ಲಮೆಲ್ಲಗೆ ಬೆಳೆದಿತ್ತು. ಅವಳ ಅಂಕಿಯೂ ಮೆಲ್ಲಮೆಲ್ಲಗೆ ಇಳಿದಿತ್ತು. ಹಾಗಾದರೆ ನೀರು ಕೆಟ್ಟೇ ಇರಲಿಲ್ಲ.

ಗಡಿಯಾರದಲ್ಲಿ ಮೂರು ಮುಕ್ಕಾಲು.

ಟಿಕ್ ಹಾಕಿಬಿಡಬಹುದಿತ್ತು. ಯಾರು ಕೇಳುತ್ತಾರೆ? ಇಪ್ಪತ್ತೊಂಬತ್ತು ವರ್ಷದ ಮೇಲೆ ಒಂದು ಸಲ, ಒಂದೇ ಸಲ, ಹೆಸರು ಮೇಲ್ಗಡೆ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಕಾಲಿನ್ ಹೆಂಡತಿಯ ಜೊತೆ ಫೋನಿನಲ್ಲಿ ನಗುತ್ತಿದ್ದ. ನುಂಗಲೂ ಆಗದ ಉಗುಳಲೂ ಆಗದ ತುತ್ತು ಇಟ್ಟುಕೊಂಡು ಅರ್ಧ ಗಂಟೆ ಕೂತಳು. ನಾಲ್ಕೂಕಾಲಿಗೆ ನೋಟ್‌ಬುಕ್ ಹಿಡಿದು ಅವನ ಬಾಗಿಲಿಗೆ ಹೋದಳು.

“ಹಾಕಿದ್ರಾ?”

“ಇಲ್ಲ ಕಣಪ್ಪ. ಮೊದ್ಲು ಇದು ನೋಡು.”

ಹೇಳಿದಳು. ಪೊರೆ, ಆಸ್ಪತ್ರೆ, ಸುಳ್ಳು ರಜೆ, ಒಂದನ್ನೂ ಬಿಡಲಿಲ್ಲ.

“ಹತ್ತು ವರ್ಷ ಬಾಯಿಬಿಡ್ದೋರು ಇವತ್ತು ನಾಲ್ಕೂಕಾಲಿಗೆ ಹೇಳ್ತಿದೀರಾ?”

“ಹೊಳೆದಿದ್ದೇ ಇವತ್ತು. ಲಾರ್ನ್ ಬರೆದಿದ್ದನ್ನ ನೀನು ಯಾಕೆ ತೆಗೆದೆ?”

“ಹೊಂದ್ಲಿಲ್ಲ, ತೆಗೆದೆ! ಒಂದ್ಕಡೆ ಹೋಗ್ತಿರೋ ಇನ್ನೂರು ಚುಕ್ಕೆ ಮಧ್ಯೆ ನಾಲ್ಕು ಎದ್ದು ನಿಂತ್ರೆ ಯಾರಾದ್ರೂ ಅದನ್ನೇ ಮಾಡೋದು. ಅವನಿಗೆ ಅಳೆಯಕ್ಕೆ ಬರಲ್ಲ ಅಂದ್ಕೊಂಡೆ.”

“ಅವನಿಗೆ ಕಣ್ಣು ಕಾಣ್ತಿತ್ತು, ನನಗೆ ಕಾಣ್ತಿರ್ಲಿಲ್ಲ. ಅಷ್ಟೇ.”

ಅವನು ಎದ್ದು ಕಿಟಕಿಯವರೆಗೆ ಹೋದ, ಬಂದ. “ನೋಡಿ, ಈಗ ಕಳ್ಸಿಬಿಡೋಣ. ಹೇಗಿದ್ರೂ ಪರೀಕ್ಷಕರು ತಿಂಗಳುಗಟ್ಲೆ ಇಟ್ಕೋತಾರೆ. ಆಮೇಲೆ ವಾಪಸ್ ತಗೊಳ್ಳೋಣ. ಸೋಮವಾರ ಒಂದು ಕಳೀಲಿ.”

“ಸುಳ್ಳು ಅಂತ ಗೊತ್ತಾದ್ಮೇಲೆ ನಿಜ ಅಂತ ಹೆಂಗಪ್ಪಾ ಟಿಕ್ ಹಾಕ್ಲಿ?”

“ಹಾಕ್ಬೇಡಿ! ನಿಮ್ಮ ಹೆಸರು ತೆಗೆದ್ರೆ ಆಯ್ತು, ಆಗ ನಿಮ್ಮ ಟಿಕ್ಕೇ ಬೇಡ.”

“ತೆಗಿ. ಕಣ್ಣು ನಂದೇ ಅಲ್ವಾ, ಅದನ್ನ ಎಲ್ಲಿಂದ ತೆಗೀತೀಯ?”

ಅವನು ತೆಗೆದೇಬಿಟ್ಟ. ಪರದೆಯ ಮೇಲೆ ‘ವೆರ್ನಾ ಕೊಸ್ಕಿ’ ಒಂದೊಂದೇ ಅಕ್ಷರವಾಗಿ ಅಳಿಸಿಹೋಗುವುದನ್ನು ಅವಳು ನಿಂತು ನೋಡಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ಬಾಗಿಲು ಬಿಟ್ಟು ಕದಲಲಿಲ್ಲ.

ನಾಲ್ಕು ಐವತ್ತಾರು. ‘ಸಲ್ಲಿಸು’ ಎಂಬ ನೀಲಿ ಗುಂಡಿಯ ಮೇಲೆ ಬಾಣ ಬಂದು ನಿಂತಿತು. ಕಾಲಿನ್ ಹಿಂದಿರುಗಿ ನೋಡದೆ ಕೇಳಿದ, “ಈ ಆಪರೇಷನ್ ವಿಷಯ ನಿಜವಾಗ್ಲೂ ಯಾರಿಗೂ ಗೊತ್ತಿಲ್ವಾ?”

“ಇಲ್ಲ. ಈಗ ನಿಂಗೆ ಗೊತ್ತು.”

ಹೀಟರ್ ಗೊರಗುಟ್ಟುತ್ತಿತ್ತು. ಅವನ ಬೆರಳು ಮೌಸಿನ ಮೇಲೇ ಇತ್ತು, ಒತ್ತಲಿಲ್ಲ. ಐವತ್ತೇಳು, ಐವತ್ತೆಂಟು. ಐದಕ್ಕೆ ಪರದೆ ತಾನಾಗಿ ಬಿಳಿಚಿಕೊಂಡು ‘ಅವಧಿ ಮುಗಿದಿದೆ’ ಎಂದಿತು.

“ಮನೆಗೆ ಹೋಗಿ ವೆರ್ನಾ” ಎಂದ ಕಾಲಿನ್.

ಸಮಿತಿ ಅವನನ್ನು ಖಾಯಂ ಮಾಡಲಿಲ್ಲ. ಮೇ ತಿಂಗಳವರೆಗೆ ಇದ್ದು ಜಾಗ ಖಾಲಿ ಮಾಡು ಎಂದಿತು. ಚಳಿಗಾಲವಿಡೀ ಅವನು ವೆರ್ನಾಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅವಳು ಒಂದು ದಿನ ಬೆಣ್ಣೆಯ ಟಾರ್ಟ್ ಎಂಬ ಸಿಹಿತಿಂಡಿ ಮಾಡಿ ತಂದು ಅವನ ಮೇಜಿನ ಮೇಲಿಟ್ಟಳು. ಸಂಜೆಯವರೆಗೂ ಅದು ಅಲ್ಲೇ ಇತ್ತು. ಅವನ ಸಿಟ್ಟು ಸರಿಯೇ ಎಂದು ಅವಳಿಗೂ ಅನ್ನಿಸುತ್ತಿತ್ತು. ಅಂದೇ ದೋಣಿಯ ಆಸೆ ಬಿಟ್ಟು ಕಣ್ಣಿನ ವಿಷಯ ಹೇಳಿದ್ದರೆ ಇವನ ಮೂರು ವರ್ಷದ ದುಡಿಮೆ ನೀರುಪಾಲಾಗುತ್ತಿರಲಿಲ್ಲ. ರಜೆಯ ಸುಳ್ಳನ್ನು ಕೇಂದ್ರದ ಮುಖ್ಯಸ್ಥರಿಗೂ ಬರೆದು ಒಪ್ಪಿಕೊಂಡಳು. ಅಂದಿನಿಂದ ದೋಣಿಯಲ್ಲಿ ಇಬ್ಬರು ಅಳೆಯಬೇಕು, ಒಬ್ಬರ ಅಂಕಿ ಇನ್ನೊಬ್ಬರು ನೋಡಬಾರದು ಎಂಬ ಕಟ್ಟಳೆ ಬಂತು.

ಸರೋವರದ ಮಂಜುಗಡ್ಡೆ ಒಡೆದ ವಾರ ಕಾಲಿನ್ ಸಾಮಾನು ಕಟ್ಟಿದ. ಅವಳು ದಡದಿಂದ ಬರುವಷ್ಟರಲ್ಲಿ ಅವನ ಗಾಡಿ ಹೊರಟಾಗಿತ್ತು. ಅವಳ ಮೇಜಿನ ಮೇಲೆ ನಾಲ್ಕು ಹಾಳೆಯ ಪ್ರಬಂಧ. ಅಳೆಯುವವರ ಕಣ್ಣು ಅಳತೆಯನ್ನು ಎಷ್ಟು ಬದಲಿಸುತ್ತದೆ ಎಂಬುದೇ ವಿಷಯ. ಸಣ್ಣ ಜರ್ನಲ್, ಯಾರೂ ಕಣ್ಣೆತ್ತಿ ನೋಡದಂಥದ್ದು. ಮೊದಲ ಲೇಖಕಿ ವೆರ್ನಾ ಕೊಸ್ಕಿ, ಎರಡನೆಯವನು ಕಾಲಿನ್ ಪೆಲ್ಟಿಯರ್. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದ: ‘ಮೇಲ್ ಬಂದಿರುತ್ತೆ. ಪೂರ್ತಿ ಓದಿ ಟಿಕ್ ಹಾಕಿ.’

ಅವಳು ಕೋಟು ಬಿಚ್ಚದೆಯೇ ಕೂತು ಓದಿದಳು. ಮೂರನೇ ಪುಟದ ನಕ್ಷೆಯಲ್ಲಿ ಲಾರ್ನ್‌ನ ನಾಲ್ಕು ಚುಕ್ಕೆಗಳೂ ಇದ್ದವು, ಕೆಂಪು ಬಣ್ಣದಲ್ಲಿ, ಕೆಳಗೆ ಅವನ ಪೂರ್ತಿ ಹೆಸರಿನೊಂದಿಗೆ. ಕೊನೆಯ ಸಾಲಿನವರೆಗೆ ಓದಿ, ಮತ್ತೊಮ್ಮೆ ನೋಟ್‌ಬುಕ್ ತೆಗೆದು ನಾಲ್ಕೂ ಅಂಕಿಗಳನ್ನು ತಾಳೆ ನೋಡಿದಳು. ಆಮೇಲೆ ಟಿಕ್ ಹಾಕಿದಳು.