ಚಿಂದಿಗೊಂದು ಗೇಣು ತಂತಿ

ನರಿನ್ ಊರಿನ ನದಿದಂಡೆ ಬೀದಿಯಲ್ಲಿ ಹೀಟರಿನ ಸುರುಳಿ ಸುಟ್ಟುಹೋದರೆ ಜನ ನೇರವಾಗಿ ಜೂರಾಕಾನಳ ಬಾಗಿಲು ತಟ್ಟುತ್ತಿದ್ದರು. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸುರುಳಿ ಸುತ್ತಿದ ಕೈ ಅವಳದು. ಕಾರ್ಖಾನೆ ಮುಚ್ಚಿತು, ಸೋವಿಯತ್ ದೇಶವೇ ಮುಚ್ಚಿತು, ಆದರೂ ಅವಳ ಕೈ ಸುಮ್ಮನಿರಲಿಲ್ಲ. ಬಾಯಿಯಂತೂ ಮೊದಲಿನಿಂದಲೂ ಸುಮ್ಮನಿದ್ದದ್ದಲ್ಲ.

ಆ ಚಳಿಗಾಲ ಕಲ್ಲಿದ್ದಲು ಬರಲಿಲ್ಲ. ಮನೆಮನೆಯಲ್ಲೂ ‘ಮೇಕೆ’ ಬಂದು ನಿಂತಿತು. ಮೇಕೆ ಎಂದರೆ ನಾಲ್ಕು ಕಬ್ಬಿಣದ ಕಾಲು, ಮೇಲೊಂದು ದಪ್ಪ ಕೊಳವೆ, ಅದಕ್ಕೆ ಸುತ್ತಿದ ಸುರುಳಿ ತಂತಿ. ಈ ತಂತಿ ಕರೆಂಟನ್ನು ಸರಾಗವಾಗಿ ಬಿಡದೆ ತಡೆಯುತ್ತದೆ. ಆ ತಡೆಯಿಂದಲೇ ಕೆಂಪಗೆ ಕಾಯುತ್ತದೆ. ಎಲ್ಲಾದರೂ ತುಂಡಾದರೆ ನಮ್ಮವರು ಸುಟ್ಟ ತುದಿ ಕತ್ತರಿಸಿ ಉಳಿದದ್ದನ್ನು ತಿರುಚಿ ಕೂಡಿಸುತ್ತಿದ್ದರು. ತಂತಿ ಗಿಡ್ಡವಾದರೆ ತಡೆ ಕಡಿಮೆ, ಹರಿಯುವ ಕರೆಂಟು ಹೆಚ್ಚು, ಬಿಸಿಯೂ ಹೆಚ್ಚು. ಇದರ ರುಚಿ ಹತ್ತಿದ ಮೇಲೆ ಚೆನ್ನಾಗಿದ್ದ ಸುರುಳಿಗೂ ಕತ್ತರಿ ಬಿತ್ತು. ಅರ್ಧ ಬೀದಿಗೆ ಹಾಗೆ ಕತ್ತರಿಸಿ ಕೊಟ್ಟವಳು ಜೂರಾಕಾನಳೇ.

ಆಗಲೇ ಅವಳ ಸೊಸೆ ನುರ್ಜಾತ್ ದಿನ ತುಂಬುವ ಮೊದಲೇ ಹೆತ್ತಳು. ಮಗ ಬೆಟ್ಟದಾಚೆ ಕುರಿಹಟ್ಟಿಯಲ್ಲಿದ್ದ. ಕೂಸಿಗೆ ಅಳುವಷ್ಟೂ ತ್ರಾಣವಿರಲಿಲ್ಲ. “ಕೋಣೆ ಬೆಚ್ಚಗಿಡಿ, ಅದೇ ಔಷಧಿ” ಎಂದಳು ಡಾಕ್ಟರಮ್ಮ. ಆದರೆ ಕತ್ತಲಾಗುತ್ತಿದ್ದಂತೆ ಬಲ್ಬು ಮಂಕಾಗುತ್ತಿತ್ತು, ಮೇಕೆ ಉಗುರುಬೆಚ್ಚಗಾಗುತ್ತಿತ್ತು. ನಲವತ್ತನೇ ದಿನ ಬೇರೆ ಹತ್ತಿರ ಬಂತು. ಅಂದು ಕೂಸನ್ನು ನಲವತ್ತು ಚಮಚ ನೀರಲ್ಲಿ ಮೀಯಿಸಿ, ನೆರೆಯವರಿಂದ ಬೇಡಿ ತಂದ ನಲವತ್ತು ಚಿಂದಿಯ ಅಂಗಿ ತೊಡಿಸಬೇಕು. ಆ ಕೋಣೆಯಲ್ಲಿ ಬಟ್ಟೆ ಬಿಚ್ಚಿದರೆ ಕೂಸು ಉಳಿದೀತೇ ಎಂದು ಇಬ್ಬರಿಗೂ ಭಯ.

“ಅತ್ತೆ, ನಮ್ಮ ಸುರುಳೀನೂ ಇನ್ನೊಂದ್ ಗೇಣು ಕತ್ತರಿಸಿಬಿಡಿ” ಎಂದಳು ನುರ್ಜಾತ್.

ಜೂರಾಕಾನ್ ಕತ್ತರಿಸಿದಳು. ಎರಡು ದಿನ ಪರವಾಗಿಲ್ಲ ಎನಿಸಿತು. ಅಷ್ಟರಲ್ಲಿ ಪಕ್ಕದವರೂ ಕತ್ತರಿಸಿಕೊಂಡಿದ್ದರು. ಮೇಕೆ ಮತ್ತೆ ತಣ್ಣಗಾಯಿತು.

ಒಂದು ಬೆಳಿಗ್ಗೆ ನೀರಿಗೆ ಹೋದ ಜೂರಾಕಾನ್ ಬಕೆಟ್ಟು ಹಿಡಿದು ಬೀದಿಯಲ್ಲೇ ನಿಂತುಬಿಟ್ಟಳು. ಆಚೆ ಬೀದಿಯ ಕರೆಂಟು ತಂತಿಯ ಮೇಲೆ ಹಿಮ ದಪ್ಪಗೆ ಕೂತಿತ್ತು. ತಮ್ಮ ಬೀದಿಯ ತಂತಿ ಮಾತ್ರ ಬೋಳು ಬೋಳು. ಅದರ ಮೇಲೆ ಕಾಗೆಗಳು ಸಾಲಾಗಿ, ಆರಾಮವಾಗಿ ಕೂತಿದ್ದವು.

“ಹಾಳಾದವೇ! ನನ್ ಮೊಮ್ಮಗನ ಬಿಸೀಲಿ ನೀವ್ ಮೈ ಕಾಯಿಸ್ಕೊಳ್ತಿದೀರಾ?” ಎಂದು ಗದರಿದಳು.

ಬೀದಿಯ ತಂತಿಗೂ ತನ್ನದೇ ತಡೆ ಉಂಟು, ಅದೂ ಕಾಯುತ್ತದೆ ಎಂಬುದನ್ನು ಎಲ್ಲರ ಹಾಗೆ ಅವಳೂ ಮರೆತಿದ್ದಳು; ಬೋಳು ತಂತಿ ಈಗ ನೆನಪಿಸಿತು. ಎಲ್ಲ ಮನೆಗಳ ಕರೆಂಟೂ ಆ ಒಂದೇ ತೆಳ್ಳನೆ ತಂತಿಯಲ್ಲಿ ಬರಬೇಕು. ಮನೆಯ ಸುರುಳಿಗಳೆಲ್ಲ ಗಿಡ್ಡವಾದಷ್ಟೂ ವೋಲ್ಟೇಜು ದಾರಿಯಲ್ಲೇ ಖರ್ಚಾಗಿ ಬಿಸಿ ಕಂಬದ ಮೇಲಿನ ತಂತಿಯಲ್ಲಿ ಪೋಲಾಗುತ್ತಿತ್ತು, ಮನೆಗೆ ಬರುತ್ತಿದ್ದದ್ದು ಉಳಿಕೆಪಳಿಕೆ.

ಅವಳ ಬಳಿ ಕಾರ್ಖಾನೆಯ ಕಾಲದ ಸುರುಳಿ ತಂತಿಯ ಉಂಡೆಯೊಂದಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಚಿಂದಿ ಬೇಡಲು ಹೊರಟಳು. ಕೂಸಿನ ಅಂಗಿಗೆ ಚಿಂದಿ ಕೇಳಿದರೆ ನಮ್ಮಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಚಿಂದಿ ಕೈಗೆ ಬಂದ ಕೂಡಲೇ ಆ ಮನೆಯ ಸುರುಳಿಗೆ ತಂತಿ ಸೇರಿಸಿ ಮೊದಲಿನ ಉದ್ದಕ್ಕೆ ತರುತ್ತಿದ್ದಳು. ಮೊದಲು ಉದ್ದ ಮಾಡಿದ್ದು ತನ್ನ ಮನೆಯದನ್ನೇ. ಆ ಸಂಜೆ ಕೋಣೆ ಇನ್ನಷ್ಟು ತಣ್ಣಗಾಗಿ ನುರ್ಜಾತ್ ಕೂಸನ್ನು ಎದೆಗವುಚಿಕೊಂಡು ಅತ್ತಳು. ಆದರೂ ಮರುದಿನ ಜೂರಾಕಾನ್ ಮತ್ತೆ ಹೊರಟಳು.

ಬೀದಿಯ ತುದಿಮನೆ ಶೇರಾಲಿಯದು. ಅವನದು ಎರಡು ಮೇಕೆ, ಒಂದು ಮನೆಗೆ, ಒಂದು ಕೋಳಿಗೂಡಿಗೆ. ಬೀದಿಯಲ್ಲೇ ಅತಿ ಗಿಡ್ಡ ಸುರುಳಿಗಳು.

“ಏನ್ ಜೂರಾಕಾನಕ್ಕ, ತಲೆ ಕೆಟ್ಟಿದೆಯಾ? ಉದ್ದ ಮಾಡಿದ್ರೆ ಬಿಸಿ ಕಮ್ಮಿ ಅಂತ ಕೋಳೀಗೂ ಗೊತ್ತು!”

“ಒಬ್ಬನೇ ಮಾಡಿದ್ರೆ ಕಮ್ಮೀನೇ ಕಣೋ. ಎಲ್ರೂ ಮಾಡಿದ್ರೆ ಎಲ್ರಿಗೂ ಜಾಸ್ತಿ. ಮೇಲ್ ನೋಡು, ಕಾಗೆ ಸಾಕ್ತಿದೀವಿ ನಾವು.”

“ಮೊನ್ನೆ ಕತ್ತರಿಸಿಕೊಟ್ಟೋಳು ನೀನೇ ಅಲ್ವಾ?”

“ನಾನೇ. ಅದಕ್ಕೇ ನಾನೇ ಬಂದಿದೀನಿ.”

ಅವನು ಚಿಂದಿಯನ್ನೂ ಕೊಡಲಿಲ್ಲ, ಸುರುಳಿಯನ್ನೂ ಮುಟ್ಟಗೊಡಲಿಲ್ಲ. ಅವಳು ಉಳಿದ ತಂತಿಯನ್ನು ಅವನ ಹೊಸಿಲ ಮೇಲಿಟ್ಟು ಬಂದಳು.

ನಲವತ್ತನೇ ದಿನದ ಸಂಜೆ ನೆರೆಯ ಹೆಂಗಸರು ಸೇರಿದರು. ಬಲ್ಬು ಹಿಂದಿನ ವಾರಕ್ಕಿಂತ ವಾಸಿ, ಆದರೂ ಬಡಕಲು. ಅಂಗಿಯಲ್ಲಿ ಒಂದು ಚಿಂದಿ ಕಡಿಮೆಯಿತ್ತು. ಕೂಸಿನ ಬಟ್ಟೆ ಬಿಚ್ಚಲು ನುರ್ಜಾತಳಿಗೆ ಧೈರ್ಯ ಬರಲೊಲ್ಲದು. ಮೀಯಿಸುವ ನೀರು ಆರಿತು. ಮತ್ತೆ ಕಾಯಿಸಿದರು.

ಇದ್ದಕ್ಕಿದ್ದಂತೆ ಬಲ್ಬು ಒಮ್ಮೆ ಜಗ್ಗನೆ ಬೆಳಗಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಇನ್ನೂ ಬೆಳ್ಳಗೆ. ಕಂದಿದ್ದ ಮೇಕೆ ನಿಧಾನಕ್ಕೆ ಕೆಂಡದ ಬಣ್ಣಕ್ಕೆ ತಿರುಗಿತು.

“ಶೇರಾಲಿ ಮನೇದು ಒಂದು, ಕೋಳಿಗೂಡಿಂದು ಇನ್ನೊಂದು” ಎಂದಳು ಜೂರಾಕಾನ್.

ಕೋಣೆ ಬೆಚ್ಚಗಾದ ಮೇಲೆ ಕೂಸಿನ ಬಟ್ಟೆ ಬಿಚ್ಚಿ ನೀರು ಹಾಕತೊಡಗಿದರು. ಅರ್ಧ ಆಗುವಷ್ಟರಲ್ಲಿ ಶೇರಾಲಿ ಬಾಗಿಲಲ್ಲಿ ನಿಂತು ಕೈ ಚಾಚಿದ. ಕೈಯಲ್ಲಿ ಹಳೇ ಅಂಗಿಯ ತುಂಡು.

“ತಗೋ ನಿನ್ ಚಿಂದಿ. ನನ್ ಕೋಳಿಗೇನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ!”

ಜೂರಾಕಾನ್ ಏನೋ ತಿರುಗಿಸಿ ಅಂದಳು. ಅದು ಯಾರಿಗೂ ಕೇಳಿಸಲಿಲ್ಲ. ಮೊಟ್ಟಮೊದಲ ಸಲ ಕೂಸು ಮನೆ ಹಾರಿಹೋಗುವಂತೆ ಅಳುತ್ತಿತ್ತು.