ಗಂಡ ಬಿಟ್ಟುಹೋದ ರೇಜರ್

ನನ್ನ ಗದ್ದದಲ್ಲಿ ಕೂದಲು ಬರುತ್ತದೆ. ಎರಡು ದಿನ ಬಿಟ್ಟರೆ ಕನ್ನಡಿ ಬೇಡ, ಕೈಗೇ ತಿಳಿಯುತ್ತದೆ. ಇದು ಗೊತ್ತಿದ್ದವನು ಒಬ್ಬನೇ, ನನ್ನ ಗಂಡ. ಮಾತಿಗೆ ಮಾತು ಬೆಳೆದಾಗಲೆಲ್ಲ, "ಊರಿಗೆಲ್ಲಾ ಹೇಳ್ಲೇನು, ನಮ್ಮ ಮನ್ಯಾಗ ಇಬ್ಬರು ಗಂಡಸರು ಅದೀವಂತ?" ಎನ್ನುತ್ತಿದ್ದ. ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷ ಹಾಗೇ ಮುಚ್ಚಿಕೊಂಡಿದ್ದೆ. ಅವನು ಸತ್ತಾಗ ನಾನು ಅತ್ತದ್ದು ಕಡಿಮೆ. ಹೇಳಲು ನನಗೆ ನಾಚಿಕೆಯಿಲ್ಲ.

ಅವನದೆಂದು ಇಟ್ಟುಕೊಂಡದ್ದು ಒಂದೇ, ದಾಡಿ ಮಾಡುವ ಸ್ಟೀಲಿನ ರೇಜರ್. ಅಲ್ಲಿಯವರೆಗೆ ಚಿಮಟಿಗೆಯಿಂದ ಕಿತ್ತುಕೊಂಡು ಗದ್ದವೆಲ್ಲ ಗುಳ್ಳೆಯಾಗಿತ್ತು. ರೇಜರ್ ಕೈಗೆ ಭಾರ. ಒತ್ತಬಾರದು, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅಷ್ಟು ಕಲಿಯುವಾಗ ಎರಡು ಸಲ ಕೊಯ್ದುಕೊಂಡೆ. ನಮ್ಮೂರು ವಾಡಿಯ ಗಡಸು ನೀರಿಗೆ ಸೋಪು ನೊರೆ ಬಿಡುವುದಿಲ್ಲ, ರೇಜರಿಗೆ ಬಿಳಿ ಕರೆ ಬೇರೆ ಕಟ್ಟುತ್ತದೆ. ವಾರಕ್ಕೊಮ್ಮೆ ನಿಂಬೆಹೋಳಿನಿಂದ ತಿಕ್ಕಿ ತೊಳೆಯುತ್ತಿದ್ದೆ.

ನಾನು ಬ್ಲೌಸ್ ಹೊಲಿಯುವವಳು. ಅಂಗಡಿಯಲ್ಲಿ ಬ್ಲೇಡ್ ಕೇಳಿದರೆ ಹೊಲಿಗೆ ಬಿಚ್ಚಲು ಎಂದುಕೊಳ್ಳುತ್ತಾರೆ. ಪ್ಲಾಸ್ಟಿಕ್ ರೇಜರ್ ಕೇಳಿ ನೋಡಿ, ಗಂಡ ಸತ್ತವಳ ಮನೆಗೆ ಯಾವನು ಬರುತ್ತಾನೆಂದು ಸಂಜೆಯೊಳಗೆ ಓಣಿಯೆಲ್ಲ ಪಿಸುಗುಡುತ್ತದೆ. ಮತ್ತೆ ಅದನ್ನು ಎಸೆಯುವುದೆಲ್ಲಿ? ಕಸದ ಗಾಡಿಗೆ ಸುರಿಯುವಾಗ ಪಕ್ಕದ ಮನೆಯವರ ಕಣ್ಣು ನಮ್ಮ ಬಕೆಟ್ಟಿನಲ್ಲೇ ಇರುತ್ತದೆ. ಸ್ಟೀಲಿನದಕ್ಕೆ ಈ ಯಾವ ರಗಳೆಯೂ ಇರಲಿಲ್ಲ.

ವರ್ಷದ ಪುಣ್ಯತಿಥಿಗೆ ಶಹಾಬಾದದಿಂದ ಮೈದುನ ಬಂದ. ಬೆಳಗಿನ ಗಡಿಬಿಡಿಯಲ್ಲಿ ನಾನು ರೇಜರನ್ನು ಬಚ್ಚಲಿನ ಗೂಡಿನಲ್ಲೇ ಮರೆತಿದ್ದೆ. ಮುಖ ತೊಳೆಯಲು ಹೋದವನು ಅದನ್ನು ಹಿಡಿದುಕೊಂಡೇ ಹೊರಬಂದ.

"ನೋಡ್ರಿ, ಅಣ್ಣ ಹೋಗಿ ವರ್ಷಾತು, ಇದಕ್ಕ ಒಂಚೂರು ಜಂಗು ಹತ್ತಿಲ್ಲ. ವೈನಿ ದಿನಾ ತಿಕ್ಕಿ ಇಟ್ಟಾರ" ಎಂದು ಎಲ್ಲರಿಗೂ ತೋರಿಸಿದ. ಹೆಂಗಸರು ಲೊಚಗುಟ್ಟಿದರು. ಫೋಟೋದ ಮುಂದಿಟ್ಟು, ವಿಭೂತಿ ಹಚ್ಚಿ, ಹೂವು ಏರಿಸಿದರು. ಊಟವಾದ ಮೇಲೆ ಮೈದುನ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ.

"ಇದು ನನಗಿರ್ಲಿ ವೈನಿ. ಅಣ್ಣನ ನೆನಪು."

"ಇಲ್ಲೇ ಇರ್ಲಿ ಅದು" ಎಂದೆ.

"ನಿಮಗ್ಯಾಕ ಬೇಕ್ರಿ?"

ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ವಯಸ್ಸಾದ ಸಂಬಂಧಿಕಳೊಬ್ಬಳು ನನ್ನ ತಲೆ ಸವರಿ, "ಇಂಥಾ ಹೆಂಡ್ತಿ ಸಿಗಬೇಕಂದ್ರ ಪುಣ್ಯಾ ಮಾಡಿರ್ಬೇಕು" ಎಂದಳು. ಅವಳ ಕೈ ಗದ್ದಕ್ಕೆ ಬರುವ ಮೊದಲೇ ಮುಖ ತಿರುಗಿಸಿದೆ. ರೇಜರ್ ಶಹಾಬಾದಕ್ಕೆ ಹೋಯಿತು.

ನಾಲ್ಕನೆಯ ದಿನ, ಹಲ್ಲುನೋವೆಂದು ಸೆರಗನ್ನು ಗದ್ದಕ್ಕೆ ಒತ್ತಿ ಹಿಡಿದು ಸೇಡಮ್ಮಿನ ರೈಲು ಹತ್ತಿದೆ. ಅಲ್ಲಿ ನನ್ನ ಗುರುತಿನವರಿಲ್ಲ. ಆದರೂ ಬರಿ ಹಣೆಯವಳು ರೇಜರ್ ಕೇಳಿದರೆ ಯಾವ ಊರಿನಲ್ಲೂ ಒಂದು ನೋಟ ಇದ್ದದ್ದೇ. ಚಿತ್ತಾಪುರ ದಾಟಿದ ಮೇಲೆ ಹಣೆಗೆ ಟಿಕಳಿ ಅಂಟಿಸಿಕೊಂಡೆ, ಬಳೆ ಏರಿಸಿಕೊಂಡೆ. ಒಂದು ರೇಜರ್ ಕೊಳ್ಳುವುದಕ್ಕೆ ಮತ್ತೆ ಅವನ ಹೆಂಡತಿಯಾದೆ.

ಅಂಗಡಿಯವನು ಎರಡು ಸ್ಟೀಲ್ ರೇಜರ್ ಮುಂದಿಟ್ಟ. "ಯಜಮಾನ್ರಿಗೇನ್ರಿ ಅಕ್ಕಾರ?"

"ಹೂಂ ರಿ."

"ಅವರ ದಾಡಿ ಹೆಂಗದರಿ, ಬಿರಸೋ ಮೆತ್ತಗೋ? ಅದನ್ನ ನೋಡಿ ಕೊಡ್ತೀನಿ."

ಸೆರಗಿನೊಳಗೇ ಗದ್ದದ ಮೇಲೆ ಬೆರಳಾಡಿಸಿದೆ.

"ಭಾಳ ಬಿರಸದರಿ" ಎಂದೆ.

ನನ್ನ ಮುಖದ ನಿಜವನ್ನು ಮೊದಲ ಸಲ ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳಿದ್ದೆ. ಅದನ್ನೂ ಗಂಡನ ಹೆಸರಿನಲ್ಲೇ ಹೇಳಬೇಕಾಯಿತು.