ನಲ್ಲಿಯ ಹತ್ತಿರ ಕಥೆ ಹೇಳುತ್ತಿದ್ದ ಅಕ್ಕ

ಮೊನ್ನೆ ನಿಮ್ಮ ಅಮ್ಮ ಇಲ್ಲೇ ಶಿವಮೊಗ್ಗದ ಗಾಂಧಿಬಜಾರಿನಿಂದ ಹೂವು ತಂದಿದ್ದಳು. ಮಲ್ಲಿಗೆಯ ನಡುವೆ ಅಲ್ಲಲ್ಲಿ ಮರುಗ ಸೇರಿಸಿ ಕಟ್ಟಿದ್ದರು. ನಾನು ಹೂವು ಮುಡಿಯುವುದನ್ನು ಬಿಟ್ಟು ವರ್ಷಗಳಾದವು. ವಾಸನೆಗಾದರೂ ಇರಲಿ ಎಂದು ಒಂದು ತುಂಡನ್ನು ನನ್ನ ದಿಂಬಿನ ಪಕ್ಕ ಇಟ್ಟಳು. ಆ ಮರುಗದ ವಾಸನೆಗೆ ನನಗೆ ನೆನಪಾದದ್ದು ದೇವರ ಮನೆಯಲ್ಲ, ಭದ್ರಾವತಿಯ ಟಾಕೀಸು. ನೀವು ನಗುತ್ತೀರಿ. ಆಗ ಟಾಕೀಸಿನ ತುಂಬ ಬೀಡಿ ಹೊಗೆ. ನಮ್ಮ ಪಕ್ಕದ ಮನೆಯ ಅಕ್ಕ ಸಿನಿಮಾಕ್ಕೆ ಹೊರಟರೆ ಸೆರಗಿನ ತುದಿಗೆ ಒಂದು ಕಡ್ಡಿ ಮರುಗ ಗಂಟು ಹಾಕಿಕೊಳ್ಳುತ್ತಿದ್ದರು. ಹೊಗೆ ಹೆಚ್ಚಾದಾಗ ಸೆರಗು ಮೂಗಿಗೆ ಹೋಗುತ್ತಿತ್ತು, ಕಣ್ಣು ಮಾತ್ರ ಪರದೆ ಬಿಟ್ಟು ಕದಲುತ್ತಿರಲಿಲ್ಲ...

ಮಂಡಿ ಆಪರೇಷನ್ ಆಗಿ ಮಲಗಿದ ಅಜ್ಜಿಗೆ ಬೇಜಾರಾಗದಿರಲಿ ಎಂದು ಈ ವಾರ ನೀವು ದಿನಕ್ಕೊಂದು ಸಿನಿಮಾ ಹಾಕಿಕೊಟ್ಟಿರಿ. ಎಲ್ಲ ನೋಡಿದೆ. ಬಣ್ಣ ಚೆನ್ನಾಗಿದೆ, ಊರುಗಳು ಚೆನ್ನಾಗಿವೆ. ಆದರೆ ಈಗಿನವರಲ್ಲಿ ಯಾರೂ ನಿಧಾನವಾಗಿ ಅಳುವುದಿಲ್ಲ. ಹೇಗಿದೆ ಅಜ್ಜಿ ಎಂದು ಕೇಳಿದಾಗಲೆಲ್ಲ ನಾನು ಚೆನ್ನಾಗಿದೆ ಎಂದಷ್ಟೇ ಹೇಳಿದೆ. ಸಿನಿಮಾ ನೋಡಿ ಬಂದು ಹೇಳುವ ವಿದ್ಯೆ ನನ್ನದಲ್ಲ, ಅದು ಅಕ್ಕನದು.

ಮದುವೆಯಾಗಿ ನಾನು ಬಂದದ್ದು ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿಗೆ. ಹತ್ತು ಮನೆಗೆ ಒಂದು ನಲ್ಲಿ, ಸಂಜೆ ಆರಕ್ಕೆ ನೀರು. ಕೊಡಗಳನ್ನು ಸಾಲಾಗಿಟ್ಟು ಹೆಂಗಸರು ಕಟ್ಟೆಯ ಮೇಲೆ ಕೂತರೆ ಅಕ್ಕ ಆ ದಿನ ಮಧ್ಯಾಹ್ನದ ಆಟದಲ್ಲಿ ನೋಡಿದ್ದನ್ನು ಹೇಳಲು ಶುರುಮಾಡುತ್ತಿದ್ದರು. ಕುದುರೆ ಓಡಿದ್ದು, ಮಾವ ಬೈದದ್ದು, ಮಳೆ ಬಂದದ್ದು, ಯಾವುದನ್ನೂ ಬಿಡುತ್ತಿರಲಿಲ್ಲ. ಕೊಡ ತುಂಬಿ ಹರಿದರೂ ಯಾರೂ ಏಳುತ್ತಿರಲಿಲ್ಲ. ತಮಿಳಿನವರು, ತೆಲುಗಿನವರು ಕೂಡ ಅರ್ಥವಾದಷ್ಟಕ್ಕೆ ಅಳುತ್ತಿದ್ದರು. ಹಳ್ಳಿ ಶಾಲೆಯಲ್ಲಿ ಓದಿದ ನಾನು ಹಿಂದೆ ನಿಂತು ಕೇಳುತ್ತಿದ್ದೆ. ನಾಲ್ಕು ವರ್ಷದಲ್ಲಿ ಆ ನಲ್ಲಿಯ ಹತ್ತಿರ ನಾಲ್ಕು ಮಾತು ಆಡಿದ್ದೆನೋ ಇಲ್ಲವೋ.

ಆ ನಾಲ್ಕು ವರ್ಷವೂ ನನಗೆ ಮಕ್ಕಳಾಗಿರಲಿಲ್ಲ. ಅತ್ತೆಯವರು ಊರಿನಿಂದ ಬಂದಾಗಲೆಲ್ಲ, ನಿನ್ನ ತಂಗಿ ಇದ್ದಾಳಲ್ಲ, ಅವಳನ್ನೂ ಈ ಮನೆಗೇ ತಂದುಕೊಂಡರೆ ಹೊರಗಿನವಳು ಬರುವುದು ತಪ್ಪುತ್ತದೆ ಎನ್ನುತ್ತಿದ್ದರು. ನಿಮ್ಮ ತಾತನಿಗೆ ಈ ಮಾತು ಇನ್ನೂ ಮುಟ್ಟಿರಲಿಲ್ಲ. ನಾನು ಒಪ್ಪಿದರೆ ಮಗನನ್ನು ಒಪ್ಪಿಸುತ್ತೇನೆ ಎಂಬುದು ಅವರ ಲೆಕ್ಕ. ನಾನು ಹೂಂ ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅಕ್ಕ ಅಂಥದೇ ಒಂದು ಸಿನಿಮಾದ ಕಥೆ ಹೇಳಿದರು. ಮಕ್ಕಳಿಲ್ಲದ ಹೆಂಡತಿ, ಮನೆಗೆ ಬಂದ ತಂಗಿ. ಕೊನೆಯಲ್ಲಿ ಹೆಂಡತಿ, ಈ ಮನೆಗೆ ಇನ್ನೊಬ್ಬಳು ಬರುವುದು ಬೇಡ ಎಂದು ಬಾಯಿಬಿಟ್ಟು ಹೇಳುತ್ತಾಳೆ. ಗಂಡ ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ ಉಪ್ಪಿಟ್ಟು ಮಾಡು ಎನ್ನುತ್ತಾನೆ. ಹೆಂಗಸರೆಲ್ಲ ನಕ್ಕರು. ಸಿನಿಮಾ ಹೀಗೂ ಮುಗಿಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಾನಂತೂ ಆ ಕೊನೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪರದೆಯ ಮೇಲೆ ಒಬ್ಬಳು ಹೇಳಿದ್ದಾಳೆಂದರೆ ನಾನೂ ಹೇಳಬಹುದು ಅನ್ನಿಸಿತು.

ಅತ್ತೆಯವರು ಮತ್ತೆ ಬರುವ ಮೊದಲೇ ಒಂದು ಸಲ ಅಕ್ಕನ ಯಜಮಾನರು ಹೊಲದ ತಕರಾರಿಗೆಂದು ಒಂದು ವಾರ ಊರಿಗೆ ಹೋದರು. ನಿಮ್ಮ ತಾತನಿಗೆ ಆ ವಾರ ಎರಡನೆಯ ಪಾಳಿ. ಅಕ್ಕ ನಮ್ಮ ಬಾಗಿಲಿಗೆ ಬಂದು, “ಒಂದು ವಾರ ನಂಗೆ ರಜ ಸಿಕ್ಕಿದೆ ಕಣೆ. ಎಷ್ಟು ಸಿನಿಮಾ ಇದಾವೋ ಅಷ್ಟೂ ನೋಡ್ಬಿಡೋಣ, ಬಾ” ಎಂದರು. ತಾತ, ಹೋಗಿ ಬಾ, ಮನೆಯಲ್ಲೇ ಕೂತು ಮಂಕಾಗಿದ್ದೀಯ ಎಂದರು.

ಸೋಮವಾರ ರಾಜರ ಕಥೆ. ಮುಗಿದು ಎಲ್ಲರೂ ಎದ್ದು ಹೋದರೂ ಅಕ್ಕ ಬಿಳಿ ಪರದೆ ನೋಡುತ್ತ ಕೂತೇ ಇದ್ದರು. ಯಾಕೆಂದು ದಾರಿಯಲ್ಲಿ ನಾಚುತ್ತಲೇ ಕೇಳಿದೆ. ಅವರು ನಕ್ಕರು. “ಶುಭಂ ಅಂತ ಬರೋದನ್ನ ಇವತ್ತೇ ನೋಡಿದ್ದು. ಐದಕ್ಕೆ ಸೈರನ್ ಆಗುತ್ತೆ, ಇವರು ಬರೋ ಹೊತ್ತಿಗೆ ಒಲೆ ಮೇಲೆ ಕಾಫಿ ಇರಬೇಕು. ಯಾವ ಸಿನಿಮಾದ ಕೊನೆ ನೋಡಕ್ಕಾಗುತ್ತೆ ಹೇಳು?”

ಮತ್ತೆ ನಲ್ಲಿಯ ಹತ್ತಿರ ಹೇಳುತ್ತಿದ್ದ ಕೊನೆಗಳು...? ಅದನ್ನು ಕೇಳಲು ನನಗೆ ನಾಲಿಗೆ ಏಳಲಿಲ್ಲ. ಆ ಹೆಂಡತಿ ಬೇಡ ಎಂದಿರಲೇ ಇಲ್ಲವೇನೋ. ರಾತ್ರಿಯೆಲ್ಲ ಅದೇ ಯೋಚನೆ. ಮಂಗಳವಾರ ಬೆಳಿಗ್ಗೆ ಅತ್ತೆಯವರಿಗೆ, ನೀವು ಹೇಳಿದಂತೆ ಆಗಲಿ ಎಂದು ಕಾಗದ ಬರೆದು ಅಕ್ಕಿ ಡಬ್ಬದಲ್ಲಿಟ್ಟೆ. ಅಂಚೆಗೆ ಹಾಕುವ ಧೈರ್ಯವೂ ಇಲ್ಲ, ಹರಿಯುವ ಧೈರ್ಯವೂ ಇಲ್ಲ.

ದಿನವೂ ಸಿನಿಮಾಕ್ಕೆ ಹೋದೆವು. ಎರಡು ದಿನ ಬಸ್ಸಿನಲ್ಲಿ ಶಿವಮೊಗ್ಗಕ್ಕೇ ಬಂದೆವು. ಕಳೆದುಹೋದ ಅಣ್ಣತಮ್ಮಂದಿರ ಚಿತ್ರ ನೋಡಿ ವಾಪಸು ಬರುವಾಗ ಬಸ್ಸು ಮಲವಗೊಪ್ಪ ದಾಟಿದರೂ ಅಕ್ಕನ ಸಿಟ್ಟು ಇಳಿದಿರಲಿಲ್ಲ. ಕೈ ಮೇಲಿನ ಹಚ್ಚೆ ನೋಡಿ ಗುರುತು ಹಿಡಿಯಬೇಕಾದರೆ ಅದುವರೆಗೆ ಇಬ್ಬರೂ ಸ್ನಾನವನ್ನೇ ಮಾಡಿರಲಿಲ್ಲವೇ ಎಂದು ಅವರ ವಾದ. ದೆವ್ವದ ಸಿನಿಮಾದಲ್ಲಿ ದೆವ್ವಕ್ಕಿಂತ ಅದರ ಸೀರೆ ಚೆನ್ನಾಗಿತ್ತಂತೆ. ಕೊನೆಗಳನ್ನು ನೋಡುತ್ತ ನೋಡುತ್ತ ಅವರು ಮಂಕಾಗುತ್ತ ಬಂದದ್ದನ್ನು ನಾನು ಗಮನಿಸಿದೆ. ಯಾವುದರಲ್ಲೂ ಹೆಂಗಸಿಗೆ ಒಳ್ಳೆಯದಾಗುವುದಿಲ್ಲವಲ್ಲ ಎಂದು ಒಮ್ಮೆ ಅಂದುಕೊಂಡರು, ತಮ್ಮಷ್ಟಕ್ಕೆ.

ಶನಿವಾರ ಭದ್ರಾವತಿಯಲ್ಲೇ ಆ ಸಿನಿಮಾ ಮತ್ತೆ ಬಂತು. ಮಕ್ಕಳಿಲ್ಲದವಳದು. ಇದಕ್ಕೆ ಹೋಗೋಣ ಎಂದು ಮೊದಲ ಸಲ ನಾನೇ ಬಾಯಿಬಿಟ್ಟೆ. ಕೊನೆ ಹೇಗಿದೆಯೋ ಹಾಗೆ ಮಾಡಿಬಿಡುವುದು ಎಂದು ನಿಶ್ಚಯಿಸಿದ್ದೆ. ಈಗ ಹೇಳಿದರೆ ಹುಚ್ಚು ಅನ್ನಿಸುತ್ತದೆ.

ಸಿನಿಮಾ ಮುಗಿಯುತ್ತ ಬಂದಿತ್ತು. ಪರದೆಯ ಮೇಲೆ ಆ ಹೆಂಡತಿ ತಂಗಿಗೆ ತನ್ನ ಧಾರೆ ಸೀರೆ ಉಡಿಸತೊಡಗಿದಳು. ಅಳು ತಡೆಯಲು ಸೆರಗು ಕಚ್ಚಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿದರೆ ಪಕ್ಕದ ಮನೆಯ ಅಕ್ಕ ಸಿನಿಮಾ ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾರೆ. ನಾಲ್ಕು ವರ್ಷ ಪಕ್ಕದ ಗೋಡೆಯಾಚೆ ಇದ್ದವರಿಗೆ ನಾನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ.

“ಏಳು ಮಾರಾಯ್ತಿ, ಹೋಗೋಣ. ಇದರ ಕೊನೆ ನಂಗೊತ್ತು.”

ಹೊರಗೆ ಬಿಸಿಲಿಗೆ ಬಂದಾಗ, ನೀವು ನೋಡಿಯೇ ಇಲ್ಲವಲ್ಲ ಅಕ್ಕ ಎಂದೆ. ಕಾಗದದ ವಿಷಯವನ್ನೂ ಹೇಳಿಬಿಟ್ಟೆ.

“ಗಂಡಸರು ಬರೆದಿರೋ ಕೊನೆ ಅದು. ನಾನು ಹೇಳಿದ್ದೇ ಸರಿ. ಹೋಗಿ ಆ ಕಾಗದ ಒಲೆಗೆ ಹಾಕು.”

ಬಚ್ಚಲ ಒಲೆಗೆ ಹಾಕಿದೆ. ಮುಂದಿನ ತಿಂಗಳು ಅತ್ತೆಯವರು ಬಂದು ಮಾತೆತ್ತಿದಾಗ, ಬೇಡ ಅತ್ತೆ ಎಂದೆ. ಧ್ವನಿ ನನಗೇ ಕೇಳಿಸಿತೋ ಇಲ್ಲವೋ, ಅವರಿಗೆ ಕೇಳಿಸಿತು. ಮೂರನೆಯ ದಿನ ಅವರೇನೂ ಉಪ್ಪಿಟ್ಟು ಕೇಳಲಿಲ್ಲ, ಒಂದು ವರ್ಷ ನನ್ನೊಡನೆ ಮಾತೇ ಆಡಲಿಲ್ಲ. ಆದರೆ ಆ ವಿಷಯ ಮತ್ತೆ ಬರಲಿಲ್ಲ. ನಿಮ್ಮ ಅಮ್ಮ ಹುಟ್ಟಿದ್ದು ಅದಾಗಿ ಆರು ವರ್ಷಕ್ಕೆ. ಅಷ್ಟರಲ್ಲಿ ಅಕ್ಕನ ಯಜಮಾನರಿಗೆ ನಿವೃತ್ತಿಯಾಗಿ ಅವರು ಊರಿಗೆ ಹೊರಟುಹೋಗಿದ್ದರು. ಮಗು ತೋರಿಸಬೇಕು, ಒಂದು ಕಾಗದವನ್ನಾದರೂ ಬರೆಯಬೇಕು ಎಂದುಕೊಂಡೇ ಉಳಿದೆ. ಏನೆಂದು ಬರೆಯುವುದು ಎಂಬ ಸಂಕೋಚ. ಜನ್ನಾಪುರದಲ್ಲಿದ್ದ ಅವರ ನೆಂಟರನ್ನು ಹುಡುಕಿಕೊಂಡು ಹೋಗುವ ಹೊತ್ತಿಗೆ, ಅಕ್ಕ ತೀರಿಕೊಂಡು ಎರಡು ವರ್ಷವಾಯಿತಲ್ಲ ಎಂದರು...

ನಿನ್ನೆ ನೀವು, ಹಳೆಯದು ಯಾವುದಾದರೂ ಬೇಕಾ ಅಜ್ಜಿ ಎಂದಾಗ ಆ ಸಿನಿಮಾದ ಹೆಸರು ಹೇಳಿದೆ. ಹುಡುಕಿ ಹಾಕಿಕೊಟ್ಟಿರಿ. ನಾವು ಎದ್ದುಬಂದ ಮೇಲಿನದು ಹತ್ತು ನಿಮಿಷವೂ ಇಲ್ಲ. ಅವಳು ತಂಗಿಯ ಕೈಯನ್ನು ಗಂಡನ ಕೈಗೆ ಕೊಟ್ಟು, ನಗುತ್ತ ಸಾಯುತ್ತಾಳೆ. ನಾನು ಅಳಲಿಲ್ಲ. ಅಕ್ಕಾ, ನಿಮ್ಮದೇ ಚೆನ್ನಾಗಿತ್ತು ಎಂದು ಗಟ್ಟಿಯಾಗಿ ಹೇಳಬೇಕು ಅನ್ನಿಸಿತು. ಈಗ ನನಗೆ ನಾಚಿಕೆಯೇನೂ ಇಲ್ಲ. ಕೇಳಲು ಅವರಿಲ್ಲ.